ಮೂರು ಪಾಳಿಯ ಸ್ವೆಟರ್

ಪೀಣ್ಯದಲ್ಲಿ ಇನ್ನೂ ಚಳಿಗಾಲ ಇದ್ದ ಕಾಲವದು. ಒಂದು ಕಾರ್ಖಾನೆಗೂ ಇನ್ನೊಂದಕ್ಕೂ ನಡುವೆ ಅವರೆ ಹೊಲಗಳಿದ್ದವು. ಬೆಳಗಾಗುತ್ತಲೇ ಶೆಡ್ಡುಗಳೆಲ್ಲ ಮಂಜಿನಲ್ಲಿ ಮುಳುಗಿರುತ್ತಿದ್ದವು. ಸೈರನ್ನು ಯಾವ ದಿಕ್ಕಿನಿಂದ ಕೂಗುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ. ಆ ಮಂಜಿನಲ್ಲಿ ಅವರೆಕಾಯಿಯ ಸೊಗಡು ಮತ್ತು ಮಿಷನ್ ಎಣ್ಣೆಯ ವಾಸನೆ ಎರಡೂ ಸೇರಿಕೊಂಡಿರುತ್ತಿದ್ದವು. ಈಗಲೂ ಅವರೆಕಾಯಿ ಬಿಡಿಸುವಾಗ ನನ್ನ ಮೂಗು ಆ ಇನ್ನೊಂದು ವಾಸನೆಯನ್ನು ಹುಡುಕುತ್ತದೆ.

ದೀಪಾವಳಿ ಕಳೆದು ಮೊದಲ ಬಾರಿಗೆ ಒಳ್ಳೆಯ ಬಿಸಿಲು ಬಿದ್ದ ದಿನ ಅಮ್ಮ ಟ್ರಂಕನ್ನು ಅಂಗಳಕ್ಕೆ ತರಿಸುತ್ತಿದ್ದಳು. ಹೊಸ ಬಟ್ಟೆ ಏನಿದ್ದರೂ ಯುಗಾದಿಗೆ. ಚಳಿಗಾಲವನ್ನು ಮನೆಯಲ್ಲಿ ಇದ್ದುದರಲ್ಲೇ ದಾಟಬೇಕು. ಒಣಗಿದ ಬೇವಿನೆಲೆ ಕೊಡವಿ, ಒಂದೊಂದೇ ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಸವೆದ ಜಾಗ ನೋಡಿ, ಚಾಪೆಯ ಮೇಲೆ ಗುಂಪು ಮಾಡುತ್ತಿದ್ದಳು: ಬೆಳಗಿನದು, ಶಾಲೆಯದು, ಸಂಜೆಯದು. ಇದು ಯಾರಿಗೆ, ಯಾವ ಹೊತ್ತಿಗೆ ಎಂಬುದಕ್ಕೆ ಉತ್ತರವಿಲ್ಲದ ಬಟ್ಟೆ ನೆಲ ಒರೆಸಲು ಹೋಗುತ್ತಿತ್ತು. ಅಪ್ಪನ ಹಳೆಯ ಖಾಕಿ ಅಂಗಿ ತೋಳು ಮಡಚಿಕೊಂಡು ನನ್ನ ಸಂಜೆಯ ಕೋಟಾಯಿತು. ಹಿಮ್ಮಡಿ ಹರಿದ ಅವನ ಕಾಲುಚೀಲಗಳು ಪಾದ ಕತ್ತರಿಸಿಕೊಂಡು ನನ್ನ ಮುಂಗೈಗೇರಿದವು. ಅಮ್ಮನ ಮೆತ್ತಗಾದ ಸೀರೆಯೊಂದು ಎರಡು ಮಡಿಕೆಯಾಗಿ ಹೊದಿಕೆಯಾಯಿತು.

ಎಲ್ಲ ಮುಗಿದ ಮೇಲೆ ಕೊನೆಗೆ ಬರುತ್ತಿದ್ದುದು ನೀಲಿ ಸ್ವೆಟರ್. ಮದುವೆಯಾದ ಹೊಸದರಲ್ಲಿ ಅಮ್ಮ ಅಪ್ಪನಿಗೆಂದು ಹೆಣೆದದ್ದು, ಮುಂದೆ ಗುಂಡಿಗಳಿದ್ದದ್ದು. ಮನೆಯಲ್ಲಿದ್ದ ಉಣ್ಣೆಯ ಬಟ್ಟೆ ಅದೊಂದೇ. ಅಪ್ಪ ಲೇತ್ ಕೆಲಸಗಾರ, ವಾರಕ್ಕೊಂದು ಪಾಳಿ. ಅಮ್ಮ ಸ್ವೆಟರನ್ನೂ ಪಾಳಿಗೆ ಹಚ್ಚಿದ್ದಳು. ಅಪ್ಪನಿಗೆ ಮೊದಲ ಪಾಳಿಯಾದರೆ ನಸುಕಿನಲ್ಲಿ ಸ್ವೆಟರ್ ಅವನ ಜೊತೆ ಹೋಗಿ, ಸಂಜೆಗೆ ನನಗೆ ಸಿಗುತ್ತಿತ್ತು. ಎರಡನೆಯದಾದರೆ ಬೆಳಿಗ್ಗೆ ನಾನು ಶಾಲೆಗೆ ತೊಟ್ಟು ಹೋಗಿ, ಊಟಕ್ಕೆ ಬಂದಾಗ ಕಳಚಿ ಕೊಡಬೇಕು. ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ಗದಗದ ಕಡೆಯ ಯಲ್ಲವ್ವ ಇದನ್ನು ನೋಡಿ ನಗುತ್ತಿದ್ದಳು.

“ಏನ್ರೀ ಅಕ್ಕಾರ, ನಿಮ್ಮನ್ಯಾಗ ಸ್ವೆಟರ್‌ಗೂ ಶಿಫ್ಟ್ ಡ್ಯೂಟಿ ಐತೇನ್ರಿ?”

“ಓವರ್‌ಟೈಮೂ ಮಾಡ್ತದೆ ಕಣವ್ವ,” ಎನ್ನುತ್ತಿದ್ದಳು ಅಮ್ಮ. “ವಾರದ ರಜ ಒಂದಿಲ್ಲ ಅದ್ಕೆ.”

ನಾನು ಕಾಯುತ್ತಿದ್ದುದು ರಾತ್ರಿ ಪಾಳಿಯ ವಾರಕ್ಕೆ. ಆ ವಾರ ಬೆಳಿಗ್ಗೆ ಮಿಂದು, ಜಡೆ ಹಾಕಿಸಿಕೊಂಡು, ಗೇಟಿನ ಬಳಿ ನಿಲ್ಲುತ್ತಿದ್ದೆ. ಬಾಯಿಂದ ಹೊಗೆ ಬಿಟ್ಟು ಬೀಡಿ ಸೇದುವ ಆಟ ಆಡುತ್ತಿದ್ದೆ. ಮೊದಲು ಸೈಕಲ್ಲಿನ ಚೈನಿನ ಸದ್ದು, ಆಮೇಲೆ ಮಂಜಿನೊಳಗಿಂದ ಒಂದು ಹಳದಿ ಚುಕ್ಕೆ, ಆಮೇಲೆ ಅಪ್ಪ. ಸೈಕಲ್ಲಿನಿಂದ ಇಳಿಯುವ ಮೊದಲೇ ಗುಂಡಿ ಬಿಚ್ಚುತ್ತಿದ್ದ. ಸ್ವೆಟರ್ ನನ್ನ ಹೆಗಲಿಗೆ ಬೀಳುವಾಗ ಹೆಂಚಿನಿಂದ ಇಳಿದ ರೊಟ್ಟಿಯಷ್ಟು ಬಿಸಿ. ದಾರಿಯುದ್ದಕ್ಕೂ ಪೆಡಲು ತುಳಿದು ಅಪ್ಪ ಕಾಯಿಸಿ ತಂದ ಬಿಸಿ. ಅದು ಆರುವುದರೊಳಗೆ ಶಾಲೆ ಮುಟ್ಟಬೇಕೆಂದು ಅವರೆ ಹೊಲದ ಬದುವಿನ ಮೇಲೆ ಓಡುತ್ತಿದ್ದೆ. ಪ್ರಾರ್ಥನೆ ಮುಗಿಯುವವರೆಗೂ ಅಪ್ಪ ನನ್ನ ಬೆನ್ನಿಗೆ ಅಂಟಿಕೊಂಡೇ ಇರುತ್ತಿದ್ದ.

ಮೂರನೆಯ ತರಗತಿಯ ವರ್ಷ, ಮೊದಲ ಪಾಳಿಯ ವಾರದಲ್ಲಿ, ನನಗೆ ಕೆಮ್ಮು ಹಿಡಿಯಿತು. ಎದೆಯಲ್ಲಿ ಸಿಳ್ಳೆಯ ಸದ್ದು. ಕಾಲುಚೀಲ, ಸೀರೆ, ಖಾಕಿ ಯಾವುದೂ ಸಾಲಲಿಲ್ಲ. ಒಂದು ನಸುಕಿನಲ್ಲಿ ಕಾಗದದ ಸರಸರ ಸದ್ದಿಗೆ ಎಚ್ಚರವಾಯಿತು. ಅಪ್ಪ ಬನಿಯನ್ನಿನ ಒಳಗೆ ಹಳೆಯ ಪೇಪರು ತುರುಕಿಕೊಂಡು ಅಂಗಿ ಹಾಕಿಕೊಳ್ಳುತ್ತಿದ್ದ. ಸ್ವೆಟರ್ ಮೊಳೆಯ ಮೇಲೇ ಇತ್ತು.

“ಮಿಷನ್ ಮುಂದೆ ನಿಂತೋನಿಗೆ ಚಳಿ ಎಲ್ಲಿ ಬಂತು? ಮಗೀಗೆ ಇರ್ಲಿ,” ಎಂದ.

“ಮಿಷನ್ ತಂಕ ನಿಮ್ಮನ್ನ ಯಾರು ಒತ್ಕೊಂಡೋಯ್ತಾರೆ?” ಎಂದಳು ಅಮ್ಮ, ಒಲೆಯ ಮುಂದಿನಿಂದ ತಿರುಗದೆ.

ಅಪ್ಪ ಹೊರಟುಬಿಟ್ಟ. ನಾನು ಸ್ವೆಟರ್ ತೊಟ್ಟೆ. ಅದು ಯಾವತ್ತೂ ಅಷ್ಟು ತಣ್ಣಗಿರಲಿಲ್ಲ.

ಮಧ್ಯಾಹ್ನ ಅಪ್ಪ ಬಂದಾಗ ಅವನ ಮೈ ಸುಡುತ್ತಿತ್ತು. ಮಂಜಿಗೂ ಬೆವರಿಗೂ ಪೇಪರು ನೆನೆದು, ಅವನ ಎದೆಯ ಮೇಲೆ ಸುದ್ದಿಗಳೆಲ್ಲ ತಿರುಗುಮುರುಗಾಗಿ ಅಚ್ಚೊತ್ತಿದ್ದವು. ನನಗೆ ನಗು ಬಂತು. ಅಮ್ಮ ನಗಲಿಲ್ಲ. ಎಣ್ಣೆ ಹಚ್ಚಿ ಒಂದೊಂದೇ ಸಾಲು ಒರೆಸಿದಳು.

ಮರುದಿನ ಟ್ರಂಕು ಮತ್ತೆ ಅಂಗಳಕ್ಕೆ ಬಂತು. ಅಮ್ಮ ಎಲ್ಲವನ್ನೂ ಇನ್ನೊಮ್ಮೆ ಚಾಪೆಯ ಮೇಲೆ ಹರವಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸ್ವೆಟರನ್ನು ಮಡಿಲಿಗೆಳೆದುಕೊಂಡು ಕತ್ತರಿ ಎತ್ತಿಕೊಂಡಳು. ಜಗಲಿಯಲ್ಲಿ ಸೀರೆಯ ಹೊದಿಕೆ ಹೊದ್ದು ಕೂತಿದ್ದ ಅಪ್ಪನಿಗೆ ಗಾಬರಿಯಾಯಿತು.

“ಬ್ಯಾಡ ಕಣೆ. ನೀನು ಕೈಯಾರ ಎಣೆದಿದ್ದು.”

“ಈಗ ಬಿಚ್ತಾ ಇರೋದೂ ಅದೇ ಕೈ ಅಲ್ವಾ?”

ಎರಡು ತೋಳೂ ಬೇರೆಯಾದವು. ನಾನು ಅಂಗೈಗಳನ್ನು ಎದುರುಬದುರು ಹಿಡಿದು ನಿಂತೆ. ಅಮ್ಮ ಎಳೆ ಬಿಚ್ಚಿ ನನ್ನ ಕೈಗಳಿಗೆ ಸುತ್ತಿದಳು. ಹೆಣಿಗೆಯ ಅಂಕುಡೊಂಕು ಉಣ್ಣೆಯಲ್ಲಿ ಹಾಗೇ ನಿಂತಿತ್ತು. ಬಿಸಿನೀರಿನಲ್ಲಿ ಅದ್ದಿ, ತುದಿಗೆ ಚೊಂಬು ಕಟ್ಟಿ ನೇತುಹಾಕಿ ಅದನ್ನು ನೆಟ್ಟಗೆ ಮಾಡಿದಳು. ಹೆಣೆಯುವ ಕಡ್ಡಿಗಳು ಯಾವತ್ತೋ ಕಳೆದುಹೋಗಿದ್ದವು. ಅಪ್ಪ ಹಳೆಯ ಸೈಕಲ್ ಕಡ್ಡಿಗಳನ್ನು ಕಾರ್ಖಾನೆಗೆ ಒಯ್ದು, ತುದಿ ಮಸೆದು ತಂದ. ಅವನ ಸ್ವೆಟರಿನ ಎರಡೂ ತೋಳು ಸೇರಿ ನನಗೊಂದು ಪುಟ್ಟ ತೋಳಿಲ್ಲದ ಸ್ವೆಟರ್ ಆಯಿತು. ಅವನದೂ ತೋಳಿಲ್ಲದ್ದಾಯಿತು. ಎದೆ ಇಬ್ಬರದೂ ಬೆಚ್ಚಗೆ; ಕೈಗಳಿಗೆ ಕಾಲುಚೀಲ ಇದ್ದೇ ಇತ್ತು. ನನ್ನ ಕೆಮ್ಮು ಬಿಟ್ಟಿತು. ಅಮ್ಮನ ಲೆಕ್ಕದಲ್ಲಿ ಎಲ್ಲವೂ ಸರಿಹೋಯಿತು.

ರಾತ್ರಿ ಪಾಳಿಯ ವಾರ ಮತ್ತೆ ಬಂತು. ನನ್ನದೇ ಸ್ವೆಟರ್ ಮೈಮೇಲಿತ್ತು, ಶಾಲೆಗೆ ನೇರವಾಗಿ ಹೋಗಬಹುದಿತ್ತು. ಆದರೂ ಗೇಟಿನ ಬಳಿ ನಿಂತೆ. ಚೈನಿನ ಸದ್ದು, ಹಳದಿ ಚುಕ್ಕೆ, ಅಪ್ಪ. ಅವನ ಕೈ ತಾನಾಗಿ ಮೇಲಿನ ಗುಂಡಿಗೆ ಹೋಯಿತು. ಒಂದನ್ನು ಬಿಚ್ಚಿಯೂ ಬಿಟ್ಟ. ನನ್ನನ್ನು ನೋಡಿ ನಿಂತ. ಆಮೇಲೆ ಎರಡೂ ಕೈಯನ್ನು ಕಂಕುಳಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ತೆಗೆದು, ನನ್ನ ಕಿವಿಗಳ ಮೇಲೆ ಒತ್ತಿದ.

“ಓಡು, ಆರೋಯ್ತದೆ,” ಎಂದ.

ಈಗ ವೈಟ್‌ಫೀಲ್ಡಿನ ನಮ್ಮ ಮನೆಯಲ್ಲಿ, ದೀಪಾವಳಿ ಕಳೆದ ಮೊದಲ ಬಿಸಿಲಿನ ದಿನ ನಾನು ಬೀರು ಖಾಲಿ ಮಾಡುತ್ತೇನೆ. ಹಾಸಿಗೆಯ ಮೇಲೆ ಅದೇ ಗುಂಪುಗಳು: ಬೆಳಗಿನ ನಡಿಗೆಗೆ, ಹೊರಗೆ ಹೋಗಲಿಕ್ಕೆ, ಸಂಜೆಗೆ. ಅಂಗಡಿಗೆ ಹೋಗದೆ ಇದ್ದುದರಲ್ಲೇ ಹೊಂದಿಸುವ ಶಿಸ್ತು ನನ್ನನ್ನು ಬಿಟ್ಟಿಲ್ಲ. “ಅಜ್ಜಿ, ಸೆಕೆ ಆಗ್ತಿದೆ, ಯಾವ ಚಳಿಗೆ ಇದೆಲ್ಲ?” ಎಂದು ಮೊಮ್ಮಗಳು ರೇಗಿಸುತ್ತಾಳೆ. ಅವಳು ಹೇಳುವುದು ನಿಜ. ಮಂಜು ಬಂದರೂ ಲಿಫ್ಟಿನಲ್ಲಿ ಕೆಳಗಿಳಿಯುವಷ್ಟರಲ್ಲಿ ಕರಗಿರುತ್ತದೆ.

ಸ್ವೆಟರುಗಳು ಬೇಕಾದಷ್ಟಿವೆ, ಒಳ್ಳೆಯವೇ. ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ಹೆಗಲಿಗೆ ಹಾಕಿ ನೋಡುತ್ತೇನೆ. ನನಗಿಂತ ಮೊದಲು ಅವನ್ನು ಯಾರೂ ತೊಟ್ಟಿಲ್ಲ. ಪ್ರತಿಯೊಂದೂ ತಣ್ಣಗೆ ಬಂದು ಮೈಮೇಲೆ ಕೂರುತ್ತದೆ. ಬಿಸಿಯಾಗುವುದಕ್ಕೆ ನನಗಾಗಿಯೇ ಕಾಯುತ್ತದೆ.