ಗುಡ್ಡದ ಶಾವಂತಿಗೆಯ ಬೇರು

ಹೊಸಪೇಟೆಯ ನನ್ನ ಈಗಿನ ಮನೆಯ ಮುಂದೆ ಅದಿರಿನ ಲಾರಿಗಳು ಹೋಗುವುದಿಲ್ಲ. ಆದರೂ ವರ್ಷದ ಮೊದಲ ಮಳೆಗೆ ಎಲ್ಲಿಂದಲೋ ಅದಿರಿನ ಧೂಳು ನೆನೆದ ಆ ವಾಸನೆ ಬರುತ್ತದೆ, ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂಥದು. ಅದು ಮೂಗಿಗೆ ತಾಕಿದೊಡನೆ ನಾನು ಸಂಡೂರಿನ ಮನೆಯ ಹಿತ್ತಲಲ್ಲಿ ಇರುತ್ತೇನೆ. ನಿಮಗೂ ಅಂಥದೊಂದು ಹಿತ್ತಲು ಇದ್ದಿರಬೇಕು, ಈಗ ಹೋಗಿ ನಿಲ್ಲಲಾಗದಂಥದು. ನಮ್ಮಲ್ಲಿ ಬಾಗಿಲು, ಬಿಂದಿಗೆ, ಬೆಕ್ಕಿನ ಬೆನ್ನು ಎಲ್ಲವೂ ಕೆಂಪು. ಗುಡ್ಡದ ಮೇಲಂತೂ ಧೂಳು ಕೂತು ಯಾವ ಎಲೆ ಯಾವ ಗಿಡದ್ದೆಂದು ತಿಳಿಯುತ್ತಿರಲಿಲ್ಲ. ಅದಕ್ಕೇ ಅಪ್ಪನ ಅಕ್ಕ ಗಂಗತ್ತೆ ಗುಡ್ಡ ಹತ್ತುವಾಗ ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ಹೊರಡುತ್ತಿದ್ದಳು. ಮಗುವಿನ ಮುಖ ಒರೆಸಿದಂತೆ ಒಂದೊಂದೇ ಎಲೆಯನ್ನು ಒರೆಸಿ, ಮಗುಚಿ ನೋಡುವಳು. ಕೆಳಗೆ ಬೆಳ್ಳಗೆ ನುಣುಪಾದ ನವಿರು ಇರಬೇಕು. ದೇಟು ಮುರಿದರೆ ಹಾಲು ಬರಬಾರದು. ಎಲೆ ಹಿಸುಕಿದರೆ ಮೂಗಿನ ತುದಿ ತಣ್ಣಗಾಗಬೇಕು. ಆಗ ಮಾತ್ರ ಅದು ಗುಡ್ಡದ ಶಾವಂತಿಗೆ.

ಅಜ್ಜಿ ಬದುಕಿದ್ದಾಗ ದಸರೆಯ ಮೊದಲ ದಿನ ದೇವರಿಗೆ ಏರುತ್ತಿದ್ದುದು ಆ ಪುಟ್ಟ ಹಳದಿ ಹೂವೇ. ಅದು ಬೆಳೆಯುತ್ತಿದ್ದ ಇಳಿಜಾರನ್ನು ಗಣಿಯವರು ಅಗೆಯತೊಡಗಿದಾಗ, ಪೂರ್ತಿ ಹೋಗುವುದರೊಳಗೆ ಒಂದಾದರೂ ಗಿಡ ಮನೆಯಲ್ಲಿ ಹಿಡಿಯಬೇಕೆಂದು ಅತ್ತೆ ಹಟ ತೊಟ್ಟಳು. ಮೊದಲು ತಂದದ್ದಕ್ಕೆ ಮಲ್ಲಿಗೆಗೆ ಹಾಕುವಂತೆ ಸಗಣಿ ಗೊಬ್ಬರ ಹಾಕಿ ದಿನಾ ನೀರುಣಿಸಿದಳು, ಅದು ಕೊಳೆತುಹೋಯಿತು. ಎರಡನೆಯದು ಚೆನ್ನಾಗಿ ಹಿಡಿದಿತ್ತು. ಬೇಸಿಗೆಯಲ್ಲಿ ಮೇಲೆಲ್ಲ ಒಣಗಿದಾಗ ಅಪ್ಪ ಸತ್ತ ಗಿಡವೆಂದು ಕಿತ್ತೆಸೆದ. ಬುಡದಲ್ಲಿ ಹಸಿಬೇರು ಕಂಡು ಅತ್ತೆ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. "ಮಲಗಿದ್ದನ್ನ ಹೊತ್ಕೊಂಡು ಹೋಗಿ ಹುಗಿಯೋ ಜಾತಿ ನಿಂದು," ಎಂದದ್ದೇ ಅದಕ್ಕೆ ಮುಂಚಿನ ಕೊನೆಯ ಮಾತು.

ಬಂಡೆಯ ಸಂದಿನಿಂದ ಬೇರು ಇಡಿಯಾಗಿ ಬರುತ್ತಿರಲಿಲ್ಲ. ಆದರೆ ಗಣಿಯವರು ಸುರಿದ ಸಡಿಲ ಮಣ್ಣಿನ ದಿಬ್ಬದ ಮೇಲೂ ಒಂದೆರಡು ಗಿಡ ಎದ್ದಿದ್ದವು. ನನಗಾಗ ಹನ್ನೆರಡು ವರ್ಷ. ರಾತ್ರಿ ಮಳೆಯಾಗಿತ್ತು, ಬೆಳಿಗ್ಗೆ ಅತ್ತೆಯೂ ನಾನೂ ಅಲ್ಲಿಗೆ ಹೋದೆವು. ಅತ್ತೆ ಮಂಡಿಯೂರಿ ಕೈಯಿಂದಲೇ ಮಣ್ಣು ಬಗೆಯುತ್ತಿದ್ದಳು. ಅವಳ ತಲೆಯ ಮೇಲ್ಗಡೆ ದಿಬ್ಬದಲ್ಲಿ ಒಂದು ಗೆರೆ ಕಂಡಿತು, ಬೆರಳಗಲದ್ದು. ಅದರಿಂದ ಹರಳುಗಳು ಉರುಳುತ್ತಿದ್ದವು. ಓತಿಕ್ಯಾತ ಓಡಿರಬೇಕು ಅಂದುಕೊಂಡೆ. ಅಷ್ಟರಲ್ಲಿ ದಿಬ್ಬ ಕುಸಿಯಿತು. ದೊಡ್ಡ ಸದ್ದೇನೂ ಇರಲಿಲ್ಲ, ಚೀಲದಿಂದ ಜೋಳ ಸುರಿದ ಹಾಗೆ. ಅತ್ತೆ ಎದೆಮಟ್ಟ ಹೂತುಹೋದಳು. ನನ್ನ ಕಿರುಚಾಟ ಕೇಳಿ ಲಾರಿಯ ಡ್ರೈವರನೊಬ್ಬ ಸಲಿಕೆ ಹಿಡಿದು ಓಡಿ ಬಂದ.

"ಮೆಲ್ಲಕ ಹಾಕಪಾ ಸಲಿಕಿ," ಎಂದಳು ಅತ್ತೆ, ಉಸಿರು ಹಿಡಿದು. "ಕೈಯಾಗ ಗಿಡ ಐತಿ."

"ಯಕ್ಕಾ, ಜೀವ ಹೋಗಾಕತ್ತೈತಿ, ನಿನಗ ಗಿಡದ ಚಿಂತಿ! ಉಸ್ರಾಡು ಮೊದ್ಲು!"

ಬದುಕಿದಳು. ಎಡಗಾಲು ಮಾತ್ರ ಮೊದಲಿನಂತಾಗಲಿಲ್ಲ. ಬಿಗಿಮುಷ್ಟಿಯಲ್ಲಿ ಬಂದ ಗಿಡವನ್ನು ಹಿತ್ತಲ ಮೂಲೆಯಲ್ಲಿ ಅದೇ ಹರಳುಮಣ್ಣಿನಲ್ಲಿ ನೆಟ್ಟಳು. ಗೊಬ್ಬರವಿಲ್ಲ, ಮಳೆ ಬಿಟ್ಟರೆ ನೀರಿಲ್ಲ. ಬೇಸಿಗೆಯಲ್ಲಿ ಯಾರೂ ಮುಟ್ಟದಂತೆ ಸುತ್ತ ಕಲ್ಲಿಟ್ಟಳು. ಮರುವರ್ಷದ ದಸರೆಗೆ ಅದು ಹೂ ಬಿಟ್ಟಿತು. ಆಮೇಲೆ ಕಾಲೇಜಿನಲ್ಲಿ ಓದಿ ಬಂದು, ಆ ಒಂದು ಹೂವು ನಿಜಕ್ಕೂ ಹತ್ತಾರು ಸಣ್ಣ ಹೂಗಳ ಗೊಂಚಲೆಂದು ಹೇಳಿದೆ. "ಹಂಗಾರ ನಮ್ಮ ದೇವ್ರಿಗೆ ಭಾಳ ಲಾಭ ಬಿಡು," ಎಂದು ನಕ್ಕಳು. ದಿಬ್ಬದಲ್ಲಿ ಕಂಡ ಆ ಗೆರೆಯ ವಿಷಯ ಮಾತ್ರ ನಾನು ಅವಳಿಗೆ ಹೇಳಲೇ ಇಲ್ಲ. ಈಗಲೂ ಅನ್ನಕ್ಕಿಡುವಾಗ, ಬಸ್ಸಿಗೆ ನಿಂತಾಗ ಅದು ಕಣ್ಣಿಗೆ ಬರುತ್ತದೆ. ನೆನಪಿನಲ್ಲಿ ಪ್ರತಿ ಸಲವೂ ನಾನು ಕೂಗುತ್ತೇನೆ, ಅತ್ತೆ ಎದ್ದು ಪಕ್ಕಕ್ಕೆ ಸರಿಯುತ್ತಾಳೆ.

ಗಂಗತ್ತೆ ಹೋದ ಮೇಲೆ ಮನೆ ಮಾರಿದೆವು. ಗುಡ್ಡದ ಆ ಇಳಿಜಾರು ಆಗಲೇ ಹೋಗಿತ್ತು. ಉಳಿದದ್ದು ಹಿತ್ತಲಿನ ಬುಡವೊಂದೇ. ಕೊನೆಯ ದಿನ ಅಗೆಯಲು ಕೂತೆ. ಗೇಣುದ್ದ ಇಳಿಯುವಷ್ಟರಲ್ಲಿ ಗುಂಡಿಯ ಅಂಚಿನಿಂದ ಹರಳುಗಳು ಉರುಳಿದವು. ನನ್ನ ಕೈ ನಿಂತಿತು. ಎಷ್ಟು ಹೊತ್ತಾದರೂ ಮುಂದುವರಿಯಲಿಲ್ಲ. ಮಣ್ಣು ಮುಚ್ಚಿ, ಮುಂದಿನ ವಾರ ಅಗೆಯಲು ಯಾರನ್ನಾದರೂ ಕರೆತರುತ್ತೇನೆಂದು ಮನೆ ಕೊಂಡವರಿಗೆ ಹೇಳಿ ಬಂದೆ. ಹೋದದ್ದು ಎರಡು ತಿಂಗಳ ಮೇಲೆ. ಹಿತ್ತಲಿಗೆಲ್ಲ ಸಿಮೆಂಟು ಬಿದ್ದಿತ್ತು.

"ಬರ್ರಿ, ಕುಂದ್ರಿ," ಎಂದು ಆ ಮನೆಯಾಕೆ ಕುರ್ಚಿ ಹಾಕಿದಳು. "ಆ ಮೂಲ್ಯಾಗಿನ ಗಿಡಾನಾ? ಒಣಗಿತ್ತಲ್ರೀ, ತೆಗಿಸಿಬಿಟ್ವಿ. ಏನ್ ಬೇರು ರೀ ಅದು! ಇಬ್ಬರು ಆಳು ಮಧ್ಯಾಹ್ನದ ತನಕ ಅಗದ್ರು."

ಅವಳು ಚಹಾ ತಂದುಕೊಟ್ಟಳು. ಕುಡಿದೆ.