ಉಮಾನಾಥನ ಮೂರನೇ ಟ್ಯಾಂಕು

ನಾವು ಪರದೇಶಕ್ಕೆ ಬಂದು ನೆಲೆಸಿದ ಕೆಂಟನ್ನಿನ ಆಚೆ ಬದಿಗೆ ಒಂದು ಹಳೆಯ ಪೆಟ್ರೋಲ್ ಬಂಕ್ ಇದೆ. ಗುಂಡು ತಲೆಯ ಎರಡು ಪಂಪು, ಸುಣ್ಣದ ಬಣ್ಣದ ಚಾವಣಿ, ಕೋಳಿಗೂಡಿನಷ್ಟಗಲದ ಆಫೀಸು. ಮುಚ್ಚಿ ಇಪ್ಪತ್ತೇಳು ವರ್ಷವಾದರೂ ಕೆಡವಿಲ್ಲ. ಹಳೆಯ ಕಾಲದ ಕಥೆ ತೆಗೆಯುವ ಟಿವಿಯವರು ಬಾಡಿಗೆಗೆ ಹಿಡಿದು ಶೂಟಿಂಗ್ ಮಾಡುತ್ತಾರೆ. ಅಲ್ಲಿ ಹದಿನೇಳು ವರ್ಷ ಪೆಟ್ರೋಲ್ ಹಾಕಿದವನು ನಮ್ಮ ಕುಂದಾಪುರದ ಉಮಾನಾಥ.

ನಾವಿಬ್ಬರೂ ಒಂದೇ ಹೋಟೆಲಿನ ಪಾತ್ರೆ ತಿಕ್ಕಿ ಈ ಊರಲ್ಲಿ ಬೇರು ಬಿಟ್ಟವರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ, ಕಲಿತದ್ದೆಲ್ಲ ಕೈಯಿಂದ. ಉಮಾನಾಥನ ವಿದ್ಯೆ ಅವನ ಅಳತೆಗೋಲಿನಲ್ಲಿತ್ತು. ನೆಲದಡಿಯ ಟ್ಯಾಂಕಿಗೆ ಇಳಿಸಿ, ಎಲ್ಲಿಯವರೆಗೆ ಒದ್ದೆಯಾಯಿತೆಂದು ನೋಡಿ, ಒಳಗೆಷ್ಟಿದೆ ಎಂದು ಹೇಳುವ ಮರದ ಕೋಲು ಅದು. ಅಂಕಿಗಳು ಮಾಸಿದಾಗ ಚಾಕುವಿನಿಂದ ಕನ್ನಡ ಅಂಕಿಗಳನ್ನೇ ಕೆತ್ತಿಕೊಂಡಿದ್ದ.

ಕಳೆದ ಮಾರ್ಚಿನಲ್ಲಿ ಅವನ ಮಗಳು ನವ್ಯಶ್ರೀಗೆ ಟಿವಿ ಕಂಪನಿಯೊಂದರಲ್ಲಿ ಶೂಟಿಂಗಿನ ಜಾಗ ಹುಡುಕಿ ಕೊಡುವ ಕೆಲಸ ಸಿಕ್ಕಿತು. ಅವಳು ಹುಡುಕಿಕೊಟ್ಟ ಮೊದಲ ಜಾಗವೇ ಅಪ್ಪನ ಬಂಕು. ನೋಡಲು ಬನ್ನಿ ಎಂದು ನಮ್ಮಿಬ್ಬರನ್ನೂ ಕರೆದಳು.

ಹೋದಾಗ ಬೆಳಗಿನ ಹತ್ತು ಗಂಟೆ. ಉಮಾನಾಥ ದನದ ಬೆನ್ನು ಸವರುವಂತೆ ಪಂಪನ್ನು ಸವರಿದ. ಆಫೀಸಿನ ಗೋಡೆಗೆ ಅಲಂಕಾರಕ್ಕೆಂದು ತೂಗುಹಾಕಿದ್ದ ತನ್ನ ಕೋಲನ್ನೇ ಕಂಡು ನಕ್ಕ. ಆಮೇಲೆ ಅಂಗಳದ ಎಡಮೂಲೆಯತ್ತ ತಿರುಗಿದ. ನಗು ಅಲ್ಲಿಗೇ ನಿಂತಿತು. ಅಲ್ಲೊಂದು ಹಳೆಯ ಕಾರು ನಿಲ್ಲಿಸಿ, ಅದರ ಕೆಳಗೆ ಗ್ಯಾಸಿನ ಕೊಳವೆ ಎಳೆಯುತ್ತಿದ್ದರು.

"ಅದೆಂತ ಮಗಾ?"

"ಕಾರ್ ಸುಡೋ ಸೀನ್, ಅಪ್ಪಯ್ಯ. ಲಂಚ್ ಆದ್ಮೇಲೆ. ಡೋಂಟ್ ವರಿ, ಟ್ಯಾಂಕಿಗೆಲ್ಲ ಆಗ್ಲೇ ನೀರು ತುಂಬ್ಸಿದ್ದಾರೆ. ಪೇಪರ್ ಇದೆ." ಫೈಲು ತೆರೆದು ತೋರಿಸಿದಳು. "ನೋಡಿ, ನಿಮ್ಮದೇ ಸೈನ್. ಇದಿಲ್ದಿದ್ರೆ ನಮಗೆ ಪರ್ಮಿಷನ್ನೇ ಸಿಗ್ತಿರ್ಲಿಲ್ಲ."

ಬಂಕು ಮುಚ್ಚಿದ ದಿನ, ಪೆಟ್ರೋಲಿನ ಆವಿ ಉಳಿಯದಂತೆ, ನೆಲದಡಿಯ ಮೂರೂ ಟ್ಯಾಂಕಿಗೆ ನೀರು ತುಂಬಿಸಿದ್ದೇನೆ ಎಂದು ಅವನು ಬರೆದುಕೊಟ್ಟ ಕಾಗದ ಅದು. ಉಮಾನಾಥನ ಮುಖ ಸುಣ್ಣವಾಯಿತು. ನನ್ನ ತೋಳು ಹಿಡಿದು ಪಂಪಿನ ಮರೆಗೆ ಎಳೆದ.

"ನಾ ಎರಡೇ ತುಂಬ್ಸದ್ದ್ ಮಾರಾಯ. ಮೂರನೇದು ಈಗ ಆ ಕಾರಿನಡಿಗಿತ್ತ್. ಅವತ್ತ್ ಆಸ್ಪತ್ರೆಯಿಂದ ಫೋನ್ ಬಂತ್, ಚಂಪಂಗೆ ನೋವು ಶುರುವಾಯ್ತಂದೇಳಿ. ಸೈನ್ ಹಾಕಿ ಓಡ್ದೆ. ನಾಳೆ ಬಂದ್ ತುಂಬ್ಸುವಾ ಅಂದ್ಕಂಡೆ. ನಾಳೆ ಗೇಟಿಗೆ ಬೀಗ."

"ಇಷ್ಟ್ ವರ್ಷಕ್ಕೆ ಒಣಗಿರುತ್ತಲ್ಲ?"

"ಒಣಗಿರೆ ಒಳ್ಳೇದಾ? ತುಂಬಿದ್ ಪೆಟ್ರೋಲಿಗಿಂತ ಖಾಲಿ ಹೊಟ್ಟೆಯ ಆವಿದೇ ಹೆದ್ರಿಕೆ. ಒಂದ್ ಕಿಡಿ ಸಾಕ್."

ಅವನ ಹೆಂಡತಿ ಚಂಪಾ ನವ್ಯಶ್ರೀಯನ್ನು ಹೆರುವ ಹೊತ್ತಿನ ಫೋನು ಅದು. ಈಗ ಅವಳೇ ಆ ಕಾರಿನ ಪಕ್ಕ ನಿಂತು ಜನಕ್ಕೆ ಜಾಗ ತೋರಿಸುತ್ತಿದ್ದಳು. ಸುತ್ತ ಇಪ್ಪತ್ತು ಮೂವತ್ತು ಮಂದಿ. ಒಬ್ಬ ಚಹಾ ಕುಡಿಯುತ್ತ ಕಾರಿನ ಮುಂದೆ ಸರಿಯಾಗಿ ಟ್ಯಾಂಕಿನ ಮುಚ್ಚಳದ ಮೇಲೆಯೇ ಕುರ್ಚಿ ಹಾಕಿದ್ದ.

"ಹೇಳ್ರೆ ಅವ್ಳ ಕೆಲ್ಸ ಹೋತ್ತ್," ಎಂದ ಉಮಾನಾಥ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು.

"ಹೇಳದಿದ್ದರೆ?" ಎಂದೆ.

ಗ್ಯಾಸಿನವನು ಕೊಳವೆಯನ್ನು ಪರೀಕ್ಷೆ ಮಾಡಲು ಲೈಟರ್ ಹೊರತೆಗೆದ. ಉಮಾನಾಥ ಓಡಿದ. ಅರವತ್ತೊಂಬತ್ತರ ಮುದುಕ ಅಷ್ಟು ಓಡುತ್ತಾನೆಂದು ನನಗೆ ಗೊತ್ತಿರಲಿಲ್ಲ. ಲೈಟರಿನ ಮೇಲೆ ಅಂಗೈ ಮುಚ್ಚಿ ನಿಂತ.

"ಅಪ್ಪಯ್ಯ, ವಾಟ್ ಆರ್ ಯೂ ಡೂಯಿಂಗ್?" ನವ್ಯಶ್ರೀಯ ಮುಖ ಕೆಂಪಾಗಿತ್ತು.

"ಇಲ್ಲಿ ಬೆಂಕಿ ಇಡುಕಾಗ. ಆ ಕಾಗ್ದ ಸುಳ್ಳ್. ನಾನೇ ಬರ್ದದ್ದ್ ಸುಳ್ಳ್." ಆಮೇಲೆ ತನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಅದನ್ನೇ ಹೇಳಿದ.

ಬೆಂಕಿಯ ಉಸ್ತುವಾರಿಯ ಅಧಿಕಾರಿ ನಂಬಿದನೋ ಇಲ್ಲವೋ, ಮೊದಲು ಗ್ಯಾಸ್ ಬಂದ್ ಮಾಡಿಸಿದ. ಜನರನ್ನೆಲ್ಲ ರಸ್ತೆಯಾಚೆ ಕಳಿಸಿ, ಕಾರು ತಳ್ಳಿಸಿ, ಮುಚ್ಚಳ ಎತ್ತಿಸಿದ. ವಾಸನೆ ನಮ್ಮ ತನಕ ಬಂತು. ಅಧಿಕಾರಿಯ ಕೈಯಲ್ಲಿದ್ದ ಆವಿ ಅಳೆಯುವ ಯಂತ್ರ ಕಿರುಚತೊಡಗಿತು. ಉಮಾನಾಥ ಗೋಡೆಯ ಕೋಲನ್ನು ತಂದು ಇಳಿಸಿ, ಮೇಲೆತ್ತಿ, ಬುಡವನ್ನು ತೋರಿಸಿದ. ಕನ್ನಡದ ಒಂದರ ಗೀಟಿನವರೆಗೆ ಒದ್ದೆ. ಅಧಿಕಾರಿಗೆ ಅಂಕಿ ಓದಲು ಬರಲಿಲ್ಲ, ಒದ್ದೆ ಕಾಣಿಸಿತು.

ಆ ದಿನದ ಶೂಟಿಂಗ್ ನಿಂತಿತು. ನವ್ಯಶ್ರೀ ಅಪ್ಪನಿಗೆ ಬೆನ್ನು ಹಾಕಿ ಫೋನಿನಲ್ಲಿ ಕಂಪನಿಯವರಿಗೆ ಕ್ಷಮೆ ಕೇಳುತ್ತಲೇ ಇದ್ದಳು. ಮಧ್ಯಾಹ್ನ ಪಂಪಿನ ಲಾರಿ ಬಂದು ಟ್ಯಾಂಕಿನಲ್ಲಿದ್ದದ್ದನ್ನು ಹೀರಿ ನೀರು ತುಂಬಿತು. ಅಧಿಕಾರಿ ಮೂರನೆಯದೂ ತುಂಬಿತೆಂಬ ಹೊಸ ಕಾಗದ ತಂದು, ಹಳಬ ಎಂದು ಉಮಾನಾಥನ ಸಾಕ್ಷಿ ಸಹಿ ಕೇಳಿದ.

ಉಮಾನಾಥ ಪೆನ್ನು ಮುಟ್ಟಲಿಲ್ಲ. ಕೋಲು ಇಳಿಸಿದ. ಕೊನೆಯ ಗೀಟಾದ ಒಂಬತ್ತರವರೆಗೆ ಒದ್ದೆ. ಒರೆಸಿ ಮತ್ತೆ ಇಳಿಸಿದ. ನವ್ಯಶ್ರೀ ಬಂದು ಕೋಲಿನ ಇನ್ನೊಂದು ಕಡೆ ಹಿಡಿದಳು.

"ಸಾಕು ಅಪ್ಪಯ್ಯ. ತುಂಬಿದೆ."

"ಇನ್ನೊಂದ್ ಸಲ ಇಳ್ಸಿ ಕಾಣ್ತೆ," ಎಂದ ಉಮಾನಾಥ.