ಭಾಂಡುಪ್ ಗುಡ್ಡದ ನಾಲಾ

ದಾದರ್‌ನಲ್ಲಿ ಮಧ್ಯಾಹ್ನ ಎರಡೂವರೆಗೆ ನಾನು ಹತ್ತಿದ್ದು ಫಾಸ್ಟ್ ಲೋಕಲ್ ಎಂದು ತಿಳಿದದ್ದು ಅದು ಭಾಂಡುಪ್ ಸ್ಟೇಷನ್ನಿನಲ್ಲಿ ನಿಲ್ಲದೆ ದಾಟಿದ ಮೇಲೆ. ಠಾಣೆಯಲ್ಲಿ ಟಿ.ಸಿ.ಗೆ ದಂಡ ತೆತ್ತು, ಸ್ಲೋ ಗಾಡಿಯಲ್ಲಿ ಹಿಂದಕ್ಕೆ ಬರುವಷ್ಟರಲ್ಲಿ ನಾಲ್ಕಾಗಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ, ಉಡುಪಿ ಕಡೆಯ ನಳಿನಿ ಶೆಣೈ ಒಂದು ಗಂಟೆ ಹೊತ್ತು ಬಿಸಿಲಲ್ಲಿ ಕಾದಿದ್ದರು.

"ಪೇಪರಿನವರಿಗೆ ಟೈಮ್‌ಟೇಬಲ್ ಓದ್ಲಿಕ್ಕೆ ಬರುದಿಲ್ವಾ ಮಾರಾಯ್ರೆ?"

ಅವರು ಕರೆದದ್ದು ಒಂದು ಗೂಡನ್ನು ತೋರಿಸಲು. ಗುಡ್ಡದ ತೊರೆಯ ಮೇಲೆ ಬಾಗಿದ ಕೊಂಬೆಯಲ್ಲಿ ನೊಣಹಿಡುಕ ಹಕ್ಕಿ ಮೂರು ಮರಿ ಮಾಡಿತ್ತು. ಹೌಸಿಂಗ್ ಕಾಲನಿಯ ಹಿಂದೆ ಕೊಳೆತು ನಿಂತ ಚರಂಡಿಯನ್ನು ಮೂಗು ಮುಚ್ಚಿ ದಾಟಿ, ಮುಕ್ಕಾಲು ಗಂಟೆ ಹತ್ತಿದೆವು. ಮಾರ್ಚ್ ತಿಂಗಳು, ಮರಗಳೆಲ್ಲ ಬೋಳು. ಎಲೆಯಿಲ್ಲದ ಕಡೆ ಕಂಬಳಿಹುಳವೂ ಇಲ್ಲ ಎಂದು ನಳಿನಿ ವಿವರಿಸಿದರು. ತೊರೆಯ ಕಲ್ಲಿನಡಿ ಬೆಳೆದ ಹುಳಗಳು ಸಂಜೆ ಮೇಲೆ ಬಂದು, ಪೊರೆ ಕಳಚಿ, ರೆಕ್ಕೆ ಬಿಚ್ಚಿ ಹಾರುತ್ತವೆ. ಈ ದಿನಗಳಲ್ಲಿ ಹಕ್ಕಿಗೆ ಅದೇ ಖಾನಾವಳಿ.

ನೀರಿನ ಮೇಲೆ ಏಳು ಬಣ್ಣ ಹೊಳೆಯುತ್ತಿತ್ತು. ದಡದಲ್ಲಿ ಎಣ್ಣೆ ಡಬ್ಬಿಗಳ ಪಕ್ಕದಲ್ಲೇ ಕುಳಿತು ಒಬ್ಬ ಬೀಡಿ ಸೇದುತ್ತಿದ್ದ. ಹೆಸರು ಮಲ್ಲಪ್ಪ, ವಿಜಾಪುರ ಜಿಲ್ಲೆಯವನು, ಕಾಲನಿಯ ಕೂಲಿ. ಸೊಳ್ಳೆ ಸಾಯಲು ನಾಲಾಕ್ಕೆ ಎಣ್ಣೆ ಹಾಕು ಎಂದು ಸೆಕ್ರೆಟರಿ ಮರಾಠಿಯಲ್ಲಿ ಹೇಳಿದ್ದರಂತೆ. ಮುಂಬಯಿಯವರು ನಾಲಾ ಎನ್ನುವ ಚರಂಡಿ ಕಾಲನಿಯ ಬೆನ್ನಿಗೇ ಇರುವಾಗ ಇಷ್ಟು ದೂರ ಏಕೆ ಹತ್ತಿದೆ ಎಂದು ಕೇಳಿದೆ.

"ಅದು ಗಟಾರ್ರೀ ಸಾಹೇಬ್ರ. ನಾಲಾ ಅಂದ್ರ ಹರಿಯೂ ನೀರಲ್ರೀ? ನಮ್ಮ ಕಡೆ ಹೊಲಕ್ಕ ಬರತೈತಿ. ನಾಕು ಡಬ್ಬಿ ಹೊತ್ತು ಹೆಗಲ ಹರದೈತಿ ನೋಡ್ರಿ."

ಬೈಯಲು ಬಾಯಿ ತೆರೆದ ನಳಿನಿ, ಅವನ ಹೆಗಲು ನೋಡಿ, ಗೂಡಿನ ಕಡೆ ತಿರುಗಿದರು.

ಐದೂವರೆಯಿಂದ ಹುಳಗಳು ಏಳತೊಡಗಿದವು. ಎಣ್ಣೆಯ ಪದರಕ್ಕೆ ಅಂಟಿಕೊಂಡು, ಅರ್ಧ ಪೊರೆಯಲ್ಲೇ ಸತ್ತವು. ಹಕ್ಕಿ ಎರಡು ಸಲ ಇಳಿದು, ಬರಿಗೊಕ್ಕಿನಲ್ಲಿ ಹಿಂದಿರುಗಿ, ಕೊಕ್ಕನ್ನು ಕೊಂಬೆಗೆ ಉಜ್ಜಿತು. ಎರಡು ದಿನ ಹೀಗೆಯೇ ಆದರೆ ಮರಿಗಳು ಉಳಿಯುವುದಿಲ್ಲ ಎಂದರು ನಳಿನಿ.

ಮಲ್ಲಪ್ಪ ಬೀಡಿ ಆರಿಸಿದ. "ಮ್ಯಾಲಿನ ಹೊಂಡಕ್ಕ ಹಾಕಿಲ್ರೀ ಅವ್ವಾರ. ಒಂದ್ ಡಬ್ಬಿ ಉಳದೈತಿ."

ಹತ್ತಿ ನೋಡಿದರೆ, ಮೇಲಿನ ಹೊಂಡದಲ್ಲಿ ಹುಳಗಳು ಹೊಗೆಯಂತೆ ಏಳುತ್ತಿದ್ದವು, ತಿನ್ನುವವರೇ ಇರಲಿಲ್ಲ. ಹಕ್ಕಿ ಕೆಳಗೇ ಕುಳಿತಿತ್ತು. ಅರ್ಧ ಗಂಟೆ ಕಾದೆವು. ಬೆಳಕು ಸೋರುವ ಹೊತ್ತಿಗೆ ಅದು ಬಂತು, ಒಂದನ್ನು ಹಿಡಿಯಿತು, ಗೂಡಿಗೆ ಹೋಯಿತು. ನಳಿನಿ ತಮ್ಮ ಪುಸ್ತಕದಲ್ಲಿ 'ಒಂದು' ಎಂದು ಬರೆದುಕೊಂಡರು.

ಇಳಿದು ಬಂದಾಗ ಮಲ್ಲಪ್ಪ ಉಳಿದ ಡಬ್ಬಿಯನ್ನು ಚರಂಡಿಗೆ ಸುರಿಯತೊಡಗಿದ. ಬಾಲ್ಕನಿಯಲ್ಲಿ ಕಾಣಿಸಿಕೊಂಡ ಸೆಕ್ರೆಟರಿ, ಕಿಟಕಿಯ ಕೆಳಗೇ ಈ ವಾಸನೆ ಏಕೆ, ಮೇಲೆ ಗುಡ್ಡಕ್ಕೆ ಒಯ್ದು ಹಾಕು ಎಂದು ಮರಾಠಿಯಲ್ಲಿ ಗದರಿಸಿದರು.

ಮಲ್ಲಪ್ಪ ಕೊನೆಯ ಹನಿ ಬೀಳುವ ತನಕ ತಲೆ ಎತ್ತಲಿಲ್ಲ. ಆಮೇಲೆ ಡಬ್ಬಿಯನ್ನು ಬೋರಲು ಹಿಡಿದು ಅವರಿಗೆ ತೋರಿಸಿದ.